ವಿಜಯಪುರದ ಎರಿಮಣ್ಣಾಗ ನಿಂಬಿಗಿಡದ ಚಿಗುರು ಹಳದಿ ಆಗಾಕತ್ತೈತಿ, ಏನ್ ಮಾಡ್ಬೇಕು?

ಅಂಗಳದ ಮಲ್ಲಿಗೆ:
ಮನಿ ಮುಂದ ಎರಡು ವರ್ಷದ ಕಾಗ್ಜಿ ನಿಂಬಿ, ಬಾಜೂಕ ದಾಸವಾಳ, ಗುಲಾಬಿ ಅದಾವ. ಎಲ್ಲಾ ಎರಿಮಣ್ಣು, ಬೋರಿನ ಸವುಳು ನೀರು. ಹೊಸ ಎಲಿ ಹಳದಿ, ನರ ಅಷ್ಟೇ ಹಸರು, ಹಳೇ ಎಲಿ ಚಲೋ ಅದಾವ. ಡಿಎಪಿ ಗೊಬ್ಬರ ಹಾಕಿ ದಿನಾ ನೀರು ಬಿಟ್ಟರೂ ಹೆಚ್ಚಾಗಾಕತ್ತೈತಿ. ಮಿರಗ (ಮೃಗಶಿರಾ ಮಳಿ) ಕೂಡೂದ್ರಾಗ ಏನ್ ಮಾಡ್ಲಿ? ಖಾಲಿ ಜಾಗಾದಾಗ ಏನು ಹಚ್ಚಲಿ?

ಗರಸುಮಣ್ಣು:
ಚಿಗುರು ಮೊದಲು ಹಳದಿಯಾಗಿ ನರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಾಗ ಕಬ್ಬಿಣ ಐತಿ, ಬೇರಿಗೆ ಸಿಗವಲ್ದು. ನಮ್ಮ ಎರಿಮಣ್ಣಿನಲ್ಲಿ ಸುಣ್ಣ ಜಾಸ್ತಿ, ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಮೇಲೆಯೇ. ಒಣಗಿದ ಹೆಂಟೆ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡ್ರಿ, ಚುರ್ ಅಂತ ನೊರೆ ಎದ್ದರೆ ಸುಣ್ಣ ಇರೋದು ಖಾತ್ರಿ.

ಡಿಎಪಿ ಇವತ್ತೇ ನಿಲ್ಲಿಸಿರಿ. ಅದರ ರಂಜಕ (ಫಾಸ್ಫರಸ್) ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕ್ತದ. ದಿನಾ ನೀರೂ ಬೇಡ. ಮಣ್ಣಾಗ ಗಾಳಿ ಆಡದಿದ್ದರೆ ಬೇರು ಕಬ್ಬಿಣ ಎಳಕೊಳ್ಳೋದಿಲ್ಲ. ಮೇಲೆ ಬಿರುಕು ಕಂಡ್ರೂ ಕೆಳಗ ಹಸಿ ಇರ್ತದ, ಗೇಣುದ್ದ ತೆಗೆದು ಮಣ್ಣು ಹಿಚುಕಿ ನೋಡ್ರಿ, ಉಂಡೆ ಕಟ್ಟಿದರೆ ಆ ದಿನ ನೀರು ಬಿಡಬ್ಯಾಡ್ರಿ. ಬಿರುಕು ದೊಡ್ಡದಾದರೆ ಸಣ್ಣ ಬೇರು ಹರೀತಾವ, ಅದಕ್ಕ ಜೋಳದ ಕಣಿಕೆ ಕತ್ತರಿಸಿ ನಾಲ್ಕು ಬೆರಳು ದಪ್ಪ ಹೊದಿಸ್ರಿ. ಕಾಂಡದಿಂದ ಅರ್ಧ ಅಡಿ ಬಿಟ್ಟೇ ಇರಲಿ, ಇಲ್ಲಂದ್ರ ಬುಡ ಕೊಳೀತದ.

ತುರ್ತಿಗೆ ಎಲೆಗೆ ಸಿಂಪಡಣೆ: 1 ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್. ಈ ಕ್ರಮ ತಪ್ಪಬಾರದು. ಸವುಳು ನೀರಿಗೆ ಫೆರಸ್ ನೇರವಾಗಿ ಹಾಕಿದ್ರ ಜಂಗಿನ ಬಣ್ಣಕ್ಕ ತಿರುಗಿ ತಳಕ್ಕ ಕೂಡ್ತದ, ಅದು ಎಲೆಗೆ ದಕ್ಕೋದಿಲ್ಲ. ಸಂಜಿ ಹೊತ್ತು ಎಲೆಯ ಎರಡೂ ಬದಿಗೆ ಹೊಡೀರಿ, 10-12 ದಿನಕ್ಕೊಮ್ಮೆ ಮೂರು ಸಲ. ಗ್ವಾಡಿ, ಫರಸಿ ಮೇಲೆ ಬಿದ್ದರೆ ಕಲೆ ಹೋಗೋದಿಲ್ಲ, ಹುಷಾರು.

ನವನಗರ ಹಸಿರು:
ಮೇಲಿನ ಮಾತಿಗೆ ಒಂದು ಸೇರಿಸ್ತೀನಿ. ಅಂಗಡಿಯವರು 'ಚಿಲೇಟೆಡ್ ಐರನ್' (ಒಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ) ಅಂತ ಕೊಡೋದ್ರಲ್ಲಿ ಆ ರಾಸಾಯನಿಕ ಬಹುತೇಕ ಇಡಿಟಿಎ. ಅದು ಸಿಂಪಡಣೆಗೆ ಸರಿ. ನಮ್ಮ ಸುಣ್ಣದ ಮಣ್ಣಿಗೆ ಹಾಕಿದರೆ ಕ್ಯಾಲ್ಸಿಯಂ ಹಿಡಿದು ಕಬ್ಬಿಣವನ್ನ ಬಿಟ್ಟುಬಿಡ್ತದೆ, ದುಡ್ಡು ದಂಡ. ಬುಡಕ್ಕೆ ಹಾಕೋದಾದ್ರೆ ಪಾಕೀಟಿನ ಮೇಲೆ ಇಡಿಡಿಎಚ್ಎ ಅಂತ ಬರೆದಿರಬೇಕು. ನೀರಿಗೆ ಹಾಕಿದ ಕೂಡಲೇ ಗಾಢ ಕೆಂಪಾಗ್ತದೆ. ನಿಮ್ಮ ನಿಂಬೆಗೆ 20 ಗ್ರಾಂ, ಗುಲಾಬಿಗೆ 5 ಗ್ರಾಂ, ಸಾಕಷ್ಟು ನೀರಲ್ಲಿ ಕರಗಿಸಿ ಬೇರಿನ ಹರವಿನ ಮೇಲೆ ಸುರೀರಿ.

ಜಿಪ್ಸಂ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಮೊದಲು ಮಣ್ಣು ಪರೀಕ್ಷೆ ಮಾಡ್ಸಿ. ಅದು ಸೋಡಿಯಂ ಹೆಚ್ಚಿದ್ದ ಮಣ್ಣಿನ ಮದ್ದು, ಸುಣ್ಣ ಇಳಿಸೋದಿಲ್ಲ. ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಗರಸುಮಣ್ಣು:
ಇಡಿಟಿಎ ಮಾತು ಖರೆ. ಹೊಸದಾಗಿ ಹಚ್ಚೋದು: ಸೀತಾಫಲ, ದಾಳಿಂಬೆ, ನುಗ್ಗೆ, ಕಣಗಿಲ, ಕಾಗದದ ಹೂ. ಇವು ಸುಣ್ಣಕ್ಕೂ ಬಿಸಿಲಿಗೂ ಜಗ್ಗೋದಿಲ್ಲ. ಇಕ್ಸೋರ, ಗಾರ್ಡೇನಿಯ ಕೊಳ್ಳಬ್ಯಾಡ್ರಿ, ಎಷ್ಟು ಜ್ವಾಕಿ ಮಾಡಿದರೂ ಹಳದಿ ಆಗೇ ಆಗ್ತಾವ.

2 ಅಡಿ ಉದ್ದ-ಅಗಲ-ಆಳದ ಗುಂಡಿ ಈಗ ತೋಡಿ ಬಿಸಿಲಿಗೆ ಬಿಡ್ರಿ. ಮಣ್ಣಿನ ಜೊತೆ ಹಳೇ ತಿಪ್ಪಿಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಅರ್ಧ ಕಿಲೋ ಕಲಸಿ ತುಂಬಿ, ನೆಲಕ್ಕಿಂತ ಒಂದು ಅಡಿ ಎತ್ತರ ಗುಡ್ಡಿ ಮಾಡಿ ಅದರ ಮ್ಯಾಲ ಸಸಿ ಇಡಬೇಕು. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರಿನಾಗ. ತಗ್ಗಿನಾಗ ಹಚ್ಚಿದ ಗಿಡದ ಬುಡದಾಗ ಆವಾಗ ನೀರು ನಿಂತು ಬೇರು ಕೊಳೀತಾವ. ಜೂನ್ 7-8ಕ್ಕೆ ಮಿರಗ ಕೂಡಿದ್ರೂ ಒಂದು ಹದ ಮಳೆ ಬೀಳೋತನ ಸಸಿ ಹಚ್ಚಬ್ಯಾಡ್ರಿ.

ಅಂಗಳದ ಮಲ್ಲಿಗೆ:
ಕುಂಡದಾಗಿನ ಮಲ್ಲಿಗೆಗೆ ಆರ್‌ಓ ಯಂತ್ರದ ಬಿಟ್ಟ ನೀರು ಹಾಕಬಹುದಾ? ಮಣ್ಣಿನ ಮ್ಯಾಲ ಬಿಳಿ ಪದರು ಕುಂತೈತಿ.

ನವನಗರ ಹಸಿರು:
ಬ್ಯಾಡ್ರಿ. ಬೋರಿನ ಉಪ್ಪೆಲ್ಲ ಆ ನೀರಾಗೇ ಸೇರಿರ್ತದೆ. ಬಿಳಿ ಪದರನ್ನ ಕೆರೆದು ತೆಗೀರಿ. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದುಹೋಗ್ಲಿ, ಎರಡನೇ ಮಳೆಯಿಂದ ನೀರು ಡ್ರಮ್ಮಿಗೆ ಹಿಡೀರಿ. ಕುಂಡದ ಎರಡು-ಮೂರು ಪಟ್ಟು ನೀರು ನಿಧಾನಕ್ಕೆ ಸುರಿದು ಕೆಳಗಿನ ತೂತಿನಿಂದ ಹೊರಗೆ ಹರಿಯಬಿಡಿ. ಕೆಳಗೆ ತಟ್ಟೆ ಇದ್ರೆ ತೆಗೀರಿ, ಇಲ್ಲಾಂದ್ರೆ ತೊಳೆದ ಉಪ್ಪನ್ನ ಕುಂಡ ಮತ್ತೆ ಹೀರಿಕೊಳ್ತದೆ.