ಮಧ್ಯಸ್ಥಿಕೆಯ ಅಧ್ಯಯನಕ್ಕೆ ಇಳಿಯುವವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಬಿ ಮುಗಿಸಿ ಎರಡು ವರ್ಷಗಳಿಂದ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಕಸ, ನೀರು, ಕೆರೆ ಒತ್ತುವರಿಯಂತಹ ಸಾರ್ವಜನಿಕ ವಿವಾದಗಳ ಮಧ್ಯಸ್ಥಿಕೆ ಕುರಿತು ಪಿಎಚ್‌.ಡಿ. ಮಾಡಿ, ಬೋಧನೆಯಲ್ಲಿ ನೆಲೆಗೊಳ್ಳುವ ಆಸೆಯಿದೆ. ಮನೆಯಲ್ಲಿ ಮಾತ್ರ, ‘ರಾಜಿ ಮಾಡಿಸುವುದಕ್ಕೂ ಓದಬೇಕೇ?’ ಎಂದು ಕೇಳುತ್ತಾರೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1 (ಮಧ್ಯಸ್ಥಗಾರ್ತಿ):
ಖಂಡಿತ ಓದಬೇಕು, ಆದರೆ ಓದಿಗೆ ಮೊದಲು ಕೂತು ಕೇಳುವ ಅಭ್ಯಾಸವಾಗಬೇಕು. ದಾವೆಯನ್ನು ಮಧ್ಯಸ್ಥಿಕೆಯಂತಹ ದಾರಿಗಳಿಗೆ ಕಳುಹಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂತು, 2007ರಲ್ಲಿ ಹೈಕೋರ್ಟ್ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಮಧ್ಯಸ್ಥಗಾರರ ನಲವತ್ತು ಗಂಟೆಗಳ ತರಬೇತಿಯನ್ನು ಮೊದಲು ಮುಗಿಸಿಕೊಳ್ಳಿ. ಗುರುತು ಸಿಗದಂತೆ ಒಂದು ಸಂಗತಿ ಹೇಳುತ್ತೇನೆ. ಪಾಲಿನ ದಾವೆಯೊಂದರಲ್ಲಿ ಅರ್ಧ ಸೈಟು ಬೇಕೆಂದು ಪಟ್ಟು ಹಿಡಿದಿದ್ದ ಅಕ್ಕ, ಪ್ರತ್ಯೇಕವಾಗಿ ಮಾತನಾಡಿಸಿದಾಗ ಕೈಚೀಲದಿಂದ ತಮ್ಮನ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅವರ ಹೆಸರಿರಲಿಲ್ಲ. ದಾವೆಪತ್ರದ ಯಾವ ಪುಟದಲ್ಲೂ ಇದನ್ನು ಯಾರೂ ಬರೆದಿರಲಿಲ್ಲ.

ಉತ್ತರ 2 (ನಗರ ಯೋಜನೆಯ ಅಧ್ಯಾಪಕ):
ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಾರ್ವಜನಿಕ ವಿವಾದದಲ್ಲಿ ಕಕ್ಷಿದಾರರು ಯಾರೆಂಬುದೇ ಮೊದಲ ತೊಡಕು. 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಅದರ ವಿರುದ್ಧ ತಿರುಗಿಬಿದ್ದಾಗ ಸರ್ಕಾರ ಮತ್ತು ಗ್ರಾಮಸ್ಥರು ಎದುರುಬದುರಾದರು. ಕಸ ಎತ್ತುವ ಪೌರಕಾರ್ಮಿಕರನ್ನು, ಅದನ್ನು ವಿಂಗಡಿಸದೆ ಹೊರಗಿಡುತ್ತಿದ್ದ ನಮ್ಮಂಥ ನಗರವಾಸಿಗಳನ್ನು ಯಾರು ಪ್ರತಿನಿಧಿಸಬೇಕಿತ್ತು? ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಲಾರೆನ್ಸ್ ಸಸ್ಕೈಂಡ್ ವಕೀಲರಲ್ಲ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆಯ ಪ್ರಾಧ್ಯಾಪಕರು. ಮಾತುಕತೆಗೆ ಮುನ್ನ ಪ್ರತಿಯೊಂದು ಗುಂಪನ್ನೂ ಪ್ರತ್ಯೇಕವಾಗಿ ಕಂಡು, ಯಾರು ಕೂರಬೇಕು, ಯಾವ ವಿಷಯ ಚರ್ಚೆಗೆ ಬರಬೇಕು ಎಂಬುದನ್ನು ನಿರ್ಧರಿಸಿಕೊಳ್ಳುವುದು ಅವರ ಕ್ರಮದ ಬುನಾದಿ. ಆದ್ದರಿಂದ ಕಾನೂನು ವಿಭಾಗವೊಂದನ್ನೇ ನೆಚ್ಚಿಕೊಳ್ಳಬೇಡಿ.

ನಮ್ಮಲ್ಲಿಯೇ ಅಧ್ಯಯನಕ್ಕೆ ಬೇಕಾದಷ್ಟು ಇದೆ. ಕಾವೇರಿ ನೀರಿನ ವಿವಾದ ಕುರಿತು ನ್ಯಾಯಮಂಡಳಿಯ ವಿಚಾರಣೆ ನಡೆಯುತ್ತಿದ್ದಾಗಲೇ, 2003ರಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ರೈತರು ‘ಕಾವೇರಿ ಕುಟುಂಬ’ವೆಂದು ಸೇರಿ ಪರಸ್ಪರರ ಜಮೀನುಗಳನ್ನು ನೋಡಿ ಬಂದರು. ಆ ಪ್ರಯತ್ನ ಎಲ್ಲಿ ಫಲಿಸಿತು, ಎಲ್ಲಿ ನಿಂತುಹೋಯಿತು ಎಂಬುದೇ ಒಂದು ಪ್ರಬಂಧಕ್ಕಾಗುವ ವಿಷಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯವೆಂದು 2023ರ ಮಧ್ಯಸ್ಥಿಕೆ ಕಾಯ್ದೆಯೇ ಹೇಳುವಾಗ, ಸಂಶೋಧಕರು ಬರೆಯುವುದಾದರೂ ಹೇಗೆ?

ಉತ್ತರ 1:
ಖಾಸಗಿ ಪ್ರಕರಣಗಳ ಮಾತುಕತೆಯನ್ನು ಬರೆಯಬೇಡಿ. ಬಹಿರಂಗ ಸಭೆಗಳು, ಅಹವಾಲು ಆಲಿಕೆಗಳು, ಪ್ರಕಟವಾದ ನಡಾವಳಿಗಳು ಎಲ್ಲರಿಗೂ ತೆರೆದಿರುತ್ತವೆ; ನೀವು ಆರಿಸಿಕೊಂಡ ವಿಷಯಕ್ಕೆ ಅವುಗಳಿಂದಲೇ ಶುರುಮಾಡಬಹುದು.