ಕೊರಿಯರ್‌ನಲ್ಲಿ ಬರುವ ಅಲೈನರ್: ಹಾಕಿಸಿಕೊಂಡವರು ಹೇಳಿ

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರದ ಹಳ್ಳಿ. ಮಗಳಿಗೆ 19, ಮುಂದಿನ ಹಲ್ಲು ಉಬ್ಬು. ಕ್ಲಿಪ್ ಹಾಕಿಸೋಣ ಅಂದರೆ ತಿಂಗಳು ತಿಂಗಳು ಶಿವಮೊಗ್ಗಕ್ಕೆ ಓಡಾಡುವುದು ಕಷ್ಟ. ಆನ್‌ಲೈನ್ ಕಂಪನಿಯವರು ಅಚ್ಚು ತೆಗೆಯುವ ಕಿಟ್ ಕಳಿಸಿ, ಫೋಟೋ ನೋಡಿಯೇ ಅಲೈನರ್ (ಹಲ್ಲು ಸರಿಸಲು ಒಂದಾದ ಮೇಲೊಂದು ಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಮಾಡಿಕೊಡುತ್ತಾರಂತೆ. ತರಿಸಬಹುದಾ?

ಸಾಗರದಿಂದ: ನನ್ನ ತಮ್ಮ ತರಿಸಿದ್ದ. ಮೊದಲ ಕೆಲವು ಟ್ರೇ ಚೆನ್ನಾಗೇ ಕೂತವು. ಆಮೇಲೆ ಒಂದು ಕೋರೆಹಲ್ಲು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಟ್ರೇಗೂ ಹಲ್ಲಿನ ತುದಿಗೂ ನಡುವೆ ಉಗುರು ತೂರುವಷ್ಟು ಸಂದು. ಫೋಟೋ ಕಳಿಸಿದರೆ ‘ಇದನ್ನೇ ಇನ್ನೊಂದು ವಾರ ಹಾಕಿ’ ಅಂತ ಚಾಟ್‌ನಲ್ಲಿ ಉತ್ತರ, ಪ್ರತಿ ಸಲ ಬೇರೆ ಬೇರೆಯವರಿಂದ. ಕೋರೆಹಲ್ಲು ದುಂಡಗಿರುತ್ತದೆ, ಬರೀ ಪ್ಲಾಸ್ಟಿಕ್‌ಗೆ ಹಿಡಿತ ಸಿಗುವುದು ಕಷ್ಟ. ಅದಕ್ಕೇ ಹಲ್ಲಿನ ಬಣ್ಣದ ಸಣ್ಣ ಬೊಟ್ಟು ಅಂಟಿಸುತ್ತಾರೆ, ಅಟ್ಯಾಚ್‌ಮೆಂಟ್ ಅಂತ. ಜಾಗ ಸಾಲದಿದ್ದರೆ ಹಲ್ಲುಗಳ ಪಕ್ಕವನ್ನು ಡಾಕ್ಟರು ಚೂರೇ ಚೂರು ಅರೆದು ತೆಳುವಾಗಿಸಬೇಕು. ಇವೆರಡೂ ಕೊರಿಯರ್‌ನಲ್ಲಿ ಬರುವುದಿಲ್ಲ ಅಲ್ವಾ! ಕೊನೆಗೆ ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟರು ಮೊದಲು ಮಾಡಿಸಿದ್ದೇ ಇಡೀ ದವಡೆಯ ಎಕ್ಸ್‌-ರೇ. ಮೂಳೆಯೊಳಗೆ ಹೂತ ಹಲ್ಲು, ಬೇರಿನ ಉದ್ದ, ವಸಡಿನ ಕೆಳಗೆ ಸವೆದ ಮೂಳೆ ಮೊಬೈಲ್ ಫೋಟೋದಲ್ಲಿ ಎಲ್ಲಿ ಕಾಣಬೇಕು? ವಸಡು ರೋಗ ವಾಸಿ ಮಾಡದೆ ಹಲ್ಲು ಸರಿಸಲು ಹೋದರೆ ಹಲ್ಲೇ ಅಲ್ಲಾಡತೊಡಗಬಹುದು. ನಿಮ್ಮ ಮಗಳದ್ದು ಉಬ್ಬು ಹಲ್ಲು ಅಂತೀರಿ. ಹಲ್ಲು ಮುಂದೆ ಬಂದಿದೆಯೋ, ದವಡೆಯೇ ಮುಂದಿದೆಯೋ ತಿಳಿಯಲು ಪಕ್ಕದಿಂದ ತೆಗೆದ ತಲೆಯ ಎಕ್ಸ್‌-ರೇ ಬೇಕು.

ತೀರ್ಥಹಳ್ಳಿಯಿಂದ: ಕಂಪನಿಯೇ ಮುಚ್ಚಿದರೆ? ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2014ರಲ್ಲಿ ಶುರುವಾಗಿ ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿತ್ತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೇ ನಿಂತವರಿಗೂ ಕಂತು ಕಟ್ಟುತ್ತಿರಿ ಅಂದರು.

ಭದ್ರಾವತಿಯಿಂದ: ದೂರದಿಂದ ನೋಡುವುದೇ ತಪ್ಪು ಅಂತ ಹೇಳಲಾರೆ. ನನಗೆ ಎಕ್ಸ್‌-ರೇ, ಸ್ಕ್ಯಾನ್, ಬೊಟ್ಟು ಅಂಟಿಸುವುದು ಎಲ್ಲ ಕ್ಲಿನಿಕ್‌ನಲ್ಲೇ ಆಯಿತು. ಮಧ್ಯೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ. ಹೀಗಾದರೆ ತಿಂಗಳು ತಿಂಗಳು ಹೋಗಬೇಕಾಗಿಲ್ಲ, ಒಂದೂವರೆ ಎರಡು ತಿಂಗಳಿಗೊಮ್ಮೆ ಸಾಕು ಅಂದಿದ್ದಾರೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಜೊತೆ ಟವರೂ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಹಾಕಿಕೊಂಡೇ ಬಿಸಿ ಕಾಫಿ ಕುಡಿದರೆ ಟ್ರೇ ಸೊಟ್ಟಗಾಗುತ್ತದೆ. ದುಡ್ಡು ಕಟ್ಟುವ ಮೊದಲು ಡಾಕ್ಟರ ಹೆಸರು ಕೇಳಿ, ಆರ್ಥೊಡಾಂಟಿಕ್ಸ್‌ನಲ್ಲಿ (ಹಲ್ಲು ಸಾಲು ಸರಿಪಡಿಸುವ ವಿಭಾಗ) ಎಂಡಿಎಸ್, ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ, ಮಾಡಿದ್ದಾರಾ ಕೇಳಿ. ಕೊನೆಗೆ ಹಾಕುವ ರಿಟೇನರ್ ಖರ್ಚು ಅದರಲ್ಲೇ ಸೇರಿದೆಯಾ ಅಂತಲೂ ಕೇಳಿ. ಅದಿಲ್ಲದಿದ್ದರೆ ಹಲ್ಲು ಮತ್ತೆ ಹಳೇ ಜಾಗಕ್ಕೇ ಹೊರಡುತ್ತದೆ.