ಜಿಎ3 ಕೊಟ್ಟರೂ ಗೋಧಿ ಸಸಿ ಏಳ್ತಾನೇ ಇಲ್ಲ, ಸಾಕಾಗಿಹೋಗಿದೆ

ಬೇರುಬಿಳಲು: ಇದು ಮೂರನೇ ಸಲ. 10 ಪಿಪಿಎಂ ಜಿಬ್ಬರೆಲ್ಲಿಕ್ ಆಮ್ಲ (ಜಿಎ3, ಗಿಡ ಎತ್ತರ ಮಾಡೋ ಹಾರ್ಮೋನ್), ಏಳು ದಿನ. ಮೊದಲ ಎಲೆಯ ಕವಚ ಸ್ಕೇಲಿಟ್ಟು ಅಳೆದೆ. ಜಿಎ ಕೊಟ್ಟಿದ್ದೂ 3 ಸೆಂ.ಮೀ., ಬರೀ ನೀರಿನದ್ದೂ 3 ಸೆಂ.ಮೀ. ಎಲ್ಲಿ ತಪ್ಪಾಗ್ತಿದೆ?

ತಿಳಿನೀರು: ಪುಡಿ ಕರಗಿಲ್ಲ, ಅಷ್ಟೇ. ಮೊದಲು ಆಲ್ಕೋಹಾಲ್‌ನಲ್ಲಿ ಕರಗಿಸಿ, ಆಮೇಲೆ ನೀರು ಬೆರೆಸಿ.

ಎಲೆಮರೆ: ಲೀಟರ್ ನೀರಿಗೆ ಸುಮಾರು 5 ಗ್ರಾಂ ಕರಗುತ್ತೆ ಸರ್. ಇವರು ಹಾಕಿರೋದು 10 ಮಿಲಿಗ್ರಾಂ.

ತಿಳಿನೀರು: ಕರಗೋದು ಬೇರೆ, ಬೇಗ ಕರಗೋದು ಬೇರೆ. ತಳದಲ್ಲಿ ಬಿಳಿ ಪುಡಿ ಕೂತಿರೋದನ್ನ ನಾನೇ ನೋಡಿದೀನಿ. ಕುಕ್ಕರಲ್ಲಿಟ್ಟು ಕಾಯಿಸಿದ್ರೂ ಕೆಡುತ್ತೆ. ಕಾಯಿಸಿದ್ರಾ?

ಬೇರುಬಿಳಲು: ಇಲ್ಲ.

ತಿಳಿನೀರು: ಹಾಗಾದ್ರೆ ದ್ರಾವಣ ಹಳೇದು.

ಬೆಳಕಿನಗೂಡು: ಬೆಳಕು ಎಷ್ಟಿದೆ? ನಂದು ನಾಲ್ಕಂತಸ್ತಿನ ರ‍್ಯಾಕ್, ಪ್ರತಿ ಅಂತಸ್ತಿಗೂ ಬೇರೆ ಎಲ್‌ಇಡಿ, 16 ಗಂಟೆಯ ಟೈಮರ್. ಫೋಟೋ ಹಾಕ್ತೀನಿ.

ಎಲೆಮರೆ: ಬೇರುಬಿಳಲು, ಇದೇ ದ್ರಾವಣ ಬೇರೆ ಗಿಡಕ್ಕೆ ಕೊಟ್ಟಿದ್ರಾ? ಗೋಧಿ ತಳಿ ಯಾವುದು?

ಬೇರುಬಿಳಲು: ಗಿಡ್ಡ ಬಟಾಣಿಗೆ ಕೊಟ್ಟಿದ್ದೆ, ಸರಸರ ಎದ್ದುಬಿಡ್ತು. ಗೋಧಿನೂ ಗಿಡ್ಡ ತಳಿನೇ. ಗಿಡ್ಡದ್ದನ್ನ ಎತ್ತರ ಮಾಡೋಕೇ ತಾನೇ ಜಿಎ? ಅದಕ್ಕೇ ಬೇರೆ ಹೇಳಲಿಲ್ಲ.

ಎಲೆಮರೆ: ಮುಖ್ಯವಾದದ್ದೇ ಅದು! ಬಟಾಣಿ ಎದ್ದಿದೆ ಅಂದ್ರೆ ದ್ರಾವಣ ಸರಿಯಿದೆ. ಮೆಂಡೆಲ್ ಬಳಸಿದ ಆ ಗಿಡ್ಡ ಬಟಾಣಿಯಲ್ಲಿ ಸಕ್ರಿಯ ಜಿಬ್ಬರೆಲಿನ್ (ಜಿಎ ಗುಂಪಿನ ಹಾರ್ಮೋನ್) ತಯಾರಿಸೋ ಕಿಣ್ವ ಸರಿಯಿಲ್ಲ. ಹೊರಗಿಂದ ಕೊಟ್ರೆ ಕೊರತೆ ನೀಗುತ್ತೆ. ಗಿಡ್ಡ ಗೋಧಿಯಲ್ಲಿ ಬಹುತೇಕ ಇರೋದು ಆರ್‌ಎಚ್‌ಟಿ1 ಜೀನ್. ಅಲ್ಲಿ ಹಾರ್ಮೋನ್ ಬೇಕಾದಷ್ಟಿದೆ, ಗಿಡ ಅದಕ್ಕೆ ಓಗೊಡಲ್ಲ.

ತಿಳಿನೀರು: ಅಂದ್ರೆ ರಿಸೆಪ್ಟರ್, ಹಾರ್ಮೋನ್ ಹಿಡಿಯೋ ಪ್ರೋಟೀನ್, ಕೆಟ್ಟಿದೆ.

ಎಲೆಮರೆ: ಇಲ್ಲ ಸರ್, ಇಲ್ಲೇ ಎಲ್ರೂ ಎಡವೋದು. ರಿಸೆಪ್ಟರ್ ಅಂದ್ರೆ ಜಿಐಡಿ1, 2005ರಲ್ಲಿ ಭತ್ತದಲ್ಲಿ ಗುರುತಿಸಿದ್ದು. ಅದು ಗೋಧಿಯಲ್ಲಿ ಚೆನ್ನಾಗೇ ಇದೆ. ಅದರ ಗುಳಿಯಲ್ಲಿ ಜಿಬ್ಬರೆಲಿನ್ ಕೂತ ಕೂಡಲೇ ಮೇಲೊಂದು ಮುಚ್ಚಳ ಮುಚ್ಚಿಕೊಳ್ಳುತ್ತೆ. ಆ ಮುಚ್ಚಳಕ್ಕೆ ಡೆಲ್ಲಾ ಪ್ರೋಟೀನ್ ಬಂದು ಅಂಟುತ್ತೆ. ಡೆಲ್ಲಾ ಬೆಳವಣಿಗೆಯ ಬ್ರೇಕು. ಅಂಟಿದ್ದನ್ನ ಜೀವಕೋಶ ಚೂರು ಮಾಡುತ್ತೆ, ಗಿಡ ಏಳುತ್ತೆ. ಆರ್‌ಎಚ್‌ಟಿ1 ಗೋಧಿಯಲ್ಲಿ ಡೆಲ್ಲಾದ ಅಂಟೋ ತುದಿಯೇ ಕೆಟ್ಟಿದೆ. ಎಷ್ಟು ಜಿಎ ಸುರಿದ್ರೂ ಬ್ರೇಕು ಬಿಡಲ್ಲ.

ತಿಳಿನೀರು: ಹಳೇ ದ್ರಾವಣದ ಮಾತು ವಾಪಸ್. ಆದ್ರೆ ಜಿಎಗೆ ಏಳೋ ಗಿಡ್ಡ ಗೋಧಿಯೂ ಇದೆಯಲ್ಲ?

ಎಲೆಮರೆ: ಇದೆ, ಆರ್‌ಎಚ್‌ಟಿ8 ಅನ್ನೋ ಬೇರೆ ಜೀನ್ ಇರೋದು. ಅದಕ್ಕೇ ತಳಿ ಕೇಳಿದ್ದು.

ಬೇರುಬಿಳಲು: ಪೊಟ್ಟಣದ ಮೇಲೆ ‘ಗಿಡ್ಡ’ ಅಂತಷ್ಟೇ ಇದೆ. ಎತ್ತರದ ತಳಿ ತಂದು ಪಕ್ಕದಲ್ಲಿ ಬಿತ್ತಿ, ಅದೇ ದ್ರಾವಣ ಕೊಡ್ತೀನಿ. ಏಳು ದಿನ ಬಿಟ್ಟು ಅಳತೆ ಹಾಕ್ತೀನಿ.

ಬೆಳಕಿನಗೂಡು: ರ‍್ಯಾಕ್ ಫೋಟೋ ಮೇಲೆ ಹಾಕಿದೀನಿ, ಎರಡನೇ ಅಂತಸ್ತು ನೋಡಿ.